ಉಪಗ್ರಹಕ್ಕೆ ನಿಮ್ಮ ಮಗು ಎಲ್ಲಿದೆ ಅಂತ ಗೊತ್ತಿಲ್ಲ

ಶಾಲೆ ಶುರುವಾಗೋ ಜೂನ್ ತಿಂಗಳಲ್ಲಿ ನನಗೆ ಒಂದೇ ಪ್ರಶ್ನೆ ಮೂರು ನಾಲ್ಕು ಊರಿಂದ ಬರುತ್ತೆ. ಹೈದರಾಬಾದಿನ ಕೊಂಡಾಪುರ, ಚೆನ್ನೈನ ಶೋಲಿಂಗನಲ್ಲೂರು, ನಮ್ಮ ಪುಣೆಯ ಹಿಂಜೆವಾಡಿ. "ಮಗೂಗೆ ಜಿಪಿಎಸ್ ವಾಚ್ ತಗೋಬೇಕು, ಯಾವುದು ಒಳ್ಳೇದು ಹೇಳಿ ಸರ್." ಗಂಡ ಹೆಂಡತಿ ಇಬ್ಬರೂ ಆಫೀಸಲ್ಲಿ, ಅಜ್ಜಿ ತಾತ ದಾವಣಗೆರೆಯಲ್ಲೋ ಶಿರಸಿಯಲ್ಲೋ, ಮಗು ಸ್ಕೂಲ್ ವ್ಯಾನಲ್ಲಿ. ಹೀಗಿರುವಾಗ ಈ ಪ್ರಶ್ನೆ ಬರೋದು ಸಹಜ.

ನಾನು ಬ್ರ್ಯಾಂಡ್ ಹೆಸರು ಹೇಳಲ್ಲ, ಅದು ಆರು ತಿಂಗಳಿಗೆ ಬದಲಾಗುತ್ತೆ. ಬದಲಿಗೆ ಈ ಜಿಪಿಎಸ್ ಹುಟ್ಟಿದ ಕಥೆ ಹೇಳ್ತೀನಿ. ಅದು ಗೊತ್ತಾದ್ರೆ ಅಂಗಡಿಯವನಿಗೆ ಏನು ಕೇಳಬೇಕು ಅನ್ನೋದು ತಾನಾಗೇ ಹೊಳೆಯುತ್ತೆ.

1957ರ ಅಕ್ಟೋಬರ್ 4. ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿತು. ಅದು ಮಾಡ್ತಿದ್ದ ಮುಖ್ಯ ಕೆಲಸ ಬೀಪ್ ಬೀಪ್ ಅನ್ನೋದು. ಅಮೆರಿಕದ ಜಾನ್ಸ್ ಹಾಪ್ಕಿನ್ಸ್ ವಿಶ್ವವಿದ್ಯಾಲಯದ ಅಪ್ಲೈಡ್ ಫಿಸಿಕ್ಸ್ ಲ್ಯಾಬೊರೇಟರಿಯಲ್ಲಿ ವಿಲಿಯಂ ಗೈಯರ್ ಮತ್ತು ಜಾರ್ಜ್ ವೈಫೆನ್‌ಬಾಕ್ ಎಂಬ ಇಬ್ಬರು ಆ ಸದ್ದನ್ನು ಹಿಡಿದರು. ರೈಲು ಹತ್ತಿರ ಬರುವಾಗ ಸೀಟಿಯ ಸ್ವರ ಏರುತ್ತೆ, ದೂರ ಹೋಗುವಾಗ ಇಳಿಯುತ್ತೆ, ಅಲ್ವಾ? ಹಾಗೇ ಬೀಪಿನ ತರಂಗ ಬದಲಾಗೋದನ್ನು ಲೆಕ್ಕ ಹಾಕಿ ಸ್ಪುಟ್ನಿಕ್ ಎಲ್ಲಿ ಸುತ್ತುತ್ತಿದೆ ಅಂತ ಕಂಡುಹಿಡಿದರು. 1958ರಲ್ಲಿ ಅವರ ಹಿರಿಯ ಸಹೋದ್ಯೋಗಿ ಫ್ರಾಂಕ್ ಮೆಕ್ಲೂರ್ ಲೆಕ್ಕವನ್ನು ಉಲ್ಟಾ ಮಾಡಿ ಕೇಳಿದರು: ಉಪಗ್ರಹ ಎಲ್ಲಿದೆ ಅಂತ ಮೊದಲೇ ಗೊತ್ತಿದ್ರೆ, ಕೆಳಗೆ ಕೇಳಿಸಿಕೊಳ್ಳುತ್ತಿರೋನು ಎಲ್ಲಿದ್ದಾನೆ ಅಂತ ಹೇಳಬಹುದಲ್ಲ?

ಇಡೀ ಕಥೆಯ ಬೀಜ ಇದು. ಆಗ ಕ್ಷಿಪಣಿ ಹೊತ್ತ ಜಲಾಂತರ್ಗಾಮಿಗಳಿಗೆ ಸಮುದ್ರದ ನಡುವೆ ತಾವು ಎಲ್ಲಿದ್ದೀವಿ ಅಂತ ತಿಳಿಯಬೇಕಿತ್ತು, ಆದರೆ ತಾವು ಎಲ್ಲಿದ್ದೀವಿ ಅಂತ ಯಾರಿಗೂ ತಿಳಿಯಬಾರದಿತ್ತು. ಹಾಗಾಗಿ ಉಪಗ್ರಹ ಮಾತಾಡುತ್ತೆ, ಕೆಳಗಿನವನು ಬಾಯಿ ಬಿಡದೆ ಕೇಳಿಸಿಕೊಳ್ಳುತ್ತಾನೆ. ಟ್ರಾನ್ಸಿಟ್ ಎಂಬ ಮೊದಲ ವ್ಯವಸ್ಥೆ 1964ರಲ್ಲಿ ಬಳಕೆಗೆ ಬಂತು. 1973ರಲ್ಲಿ ಶುರುವಾದ ಜಿಪಿಎಸ್ ಯೋಜನೆಯೂ ಇದೇ ಏಕಮುಖ ಪದ್ಧತಿಯನ್ನು ಉಳಿಸಿಕೊಂಡಿತು. ಇವತ್ತೂ ಹಾಗೇ ಇದೆ. ಸುಮಾರು 20,200 ಕಿಲೋಮೀಟರ್ ಎತ್ತರದಲ್ಲಿರುವ ಉಪಗ್ರಹಗಳು "ನಾನು ಇಲ್ಲಿದ್ದೀನಿ, ಈಗ ಸಮಯ ಇಷ್ಟು" ಅಂತ ಸಾರುತ್ತಲೇ ಇರುತ್ತವೆ. ಕನಿಷ್ಠ ನಾಲ್ಕರ ಮಾತು ಕೇಳಿದರೆ ವಾಚ್ ತನ್ನ ಜಾಗ ತಾನೇ ಲೆಕ್ಕ ಹಾಕಿಕೊಳ್ಳುತ್ತೆ. ಉಪಗ್ರಹಕ್ಕೆ ನಿಮ್ಮ ಮಗುವಿನ ವಿಷಯ ಏನೂ ಗೊತ್ತಿಲ್ಲ.

ಮಿಲಿಟರಿ ವಸ್ತು ಜನಸಾಮಾನ್ಯರ ಕೈಗೆ ಬಂದ ದಾರಿಯಲ್ಲಿ ಒಂದು ದೊಡ್ಡ ದುರಂತ ಇದೆ. 1983ರ ಸೆಪ್ಟೆಂಬರ್ 1ರಂದು ಕೊರಿಯನ್ ಏರ್‌ಲೈನ್ಸ್‌ನ 007 ವಿಮಾನ ಅಲಾಸ್ಕಾದ ಆಂಕರೇಜ್‌ನಿಂದ ಸಿಯೋಲ್‌ಗೆ ಹೋಗ್ತಾ ದಾರಿ ತಪ್ಪಿ ಸೋವಿಯತ್ ವಾಯುಪ್ರದೇಶಕ್ಕೆ ನುಗ್ಗಿತು. ಸೋವಿಯತ್ ಯುದ್ಧ ವಿಮಾನ ಅದನ್ನು ಹೊಡೆದುರುಳಿಸಿತು. ಸತ್ತವರು 269 ಜನ, ಅವರಲ್ಲಿ ಮಕ್ಕಳೂ ಇದ್ದರು. ಅದೇ ತಿಂಗಳು ಅಮೆರಿಕದ ರೇಗನ್ ಸರ್ಕಾರ, ಜಿಪಿಎಸ್ ಪೂರ್ಣವಾದ ಮೇಲೆ ನಾಗರಿಕರಿಗೂ ಉಚಿತವಾಗಿ ಸಿಗುತ್ತೆ ಅಂತ ಘೋಷಿಸಿತು.

ಕೊಟ್ಟರು, ಆದರೆ ಪೂರ್ತಿ ಕೊಡಲಿಲ್ಲ. ಶತ್ರುಗಳಿಗೆ ಉಪಯೋಗ ಆಗಬಾರದು ಅಂತ ನಾಗರಿಕರ ಸಿಗ್ನಲ್‌ಗೆ ಬೇಕಂತಲೇ ತಪ್ಪು ಬೆರೆಸಿದ್ದರು. ಸುಮಾರು 100 ಮೀಟರ್‌ವರೆಗೆ ವ್ಯತ್ಯಾಸ. ಮಗು ಶಾಲೆಯ ಕಾಂಪೌಂಡಿನ ಒಳಗಿದೆಯೋ, ಮುಖ್ಯ ರಸ್ತೆಯ ಆಚೆ ಇದೆಯೋ ಅಂತ 100 ಮೀಟರಿನ ಲೆಕ್ಕದಲ್ಲಿ ಹೇಳೋಕಾಗಲ್ಲ. 2000ನೇ ಇಸವಿ ಮೇ ತಿಂಗಳ ಆರಂಭದಲ್ಲಿ ಕ್ಲಿಂಟನ್ ಸರ್ಕಾರ ಆ ಬೆರಕೆ ನಿಲ್ಲಿಸಿತು. ಓಲಾ, ಸ್ವಿಗ್ಗಿ, ಮಕ್ಕಳ ವಾಚು, ಎಲ್ಲದರ ಬೇರು ಆ ನಿರ್ಧಾರದಲ್ಲಿದೆ. ಎರಡೇ ವರ್ಷಕ್ಕೆ, 2002ರ ಸುಮಾರಿಗೆ, ಕ್ಯಾಲಿಫೋರ್ನಿಯಾದ ವೇರಿಫೈ ಎಂಬ ಕಂಪನಿ ಮಕ್ಕಳ ಕೈಗೆ ಬೀಗ ಹಾಕಿ ಕಟ್ಟುವಂಥ ಟ್ರ್ಯಾಕರ್ ಮಾರಾಟಕ್ಕೆ ಇಟ್ಟಿತು. ಬೆಲೆ ಸುಮಾರು 400 ಡಾಲರ್, ಮೇಲೆ ತಿಂಗಳ ಚಂದಾ ಬೇರೆ.

ನಮ್ಮ ದೇಶದ್ದೂ ಒಂದು ವ್ಯವಸ್ಥೆ ಇದೆ. ನಾವಿಕ್‌ನ ಮೊದಲ ಉಪಗ್ರಹ 2013ರ ಜುಲೈ 1ರಂದು ಹಾರಿತು. ಅದರ ಸಂಚಾರ ಕೇಂದ್ರ ಇರೋದು ಬೆಂಗಳೂರು ಹತ್ತಿರದ ಬ್ಯಾಲಾಳು ಗ್ರಾಮದಲ್ಲಿ. ಡಬ್ಬದ ಮೇಲೆ ನಾವಿಕ್ ಅಂತಲೂ ಇದ್ದರೆ ಒಳ್ಳೇದೇ, ನಮ್ಮ ಆಕಾಶದಲ್ಲಿ ಕೇಳಿಸಿಕೊಳ್ಳೋಕೆ ಇನ್ನಷ್ಟು ಉಪಗ್ರಹ ಸಿಕ್ಕ ಹಾಗೆ.

ಈಗ ಮುಖ್ಯ ವಿಷಯಕ್ಕೆ ಬರೋಣ. ವಾಚ್‌ಗೆ ತನ್ನ ಜಾಗ ಗೊತ್ತಾಯ್ತು. ನಿಮಗೆ ಗೊತ್ತಾಗೋದು ಹೇಗೆ? ಅದರೊಳಗಿನ ಸಿಮ್ ಮೊಬೈಲ್ ಟವರಿಗೆ ಹೇಳುತ್ತೆ, ಟವರಿಂದ ಕಂಪನಿಯ ಸರ್ವರಿಗೆ, ಸರ್ವರಿಂದ ನಿಮ್ಮ ಆಪ್‌ಗೆ. ಆಕಾಶದ ಅರ್ಧ ಕೆಲಸಕ್ಕೆ ಇಷ್ಟು ವರ್ಷಗಳ ವಿಜ್ಞಾನ ಇದೆ. ನೆಲದ ಅರ್ಧ ಕೆಲಸಕ್ಕೆ ಎಷ್ಟೋ ಸಲ ಅವಸರದಲ್ಲಿ ಬರೆದ ಕೋಡ್ ಇದೆ. ಐಟಿಯಲ್ಲಿರೋ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

2017ರ ಅಕ್ಟೋಬರಿನಲ್ಲಿ ನಾರ್ವೆಯ ಗ್ರಾಹಕ ಮಂಡಳಿ ಮಕ್ಕಳ ನಾಲ್ಕು ಸ್ಮಾರ್ಟ್‌ವಾಚ್‌ಗಳನ್ನು ಪರೀಕ್ಷೆ ಮಾಡಿಸಿತು. ಕೆಲವದರಲ್ಲಿ ಅಪರಿಚಿತನೊಬ್ಬ ಮಗು ಎಲ್ಲಿದೆ ಅಂತ ನೋಡಬಹುದಿತ್ತು, ಮಗುವಿನ ಜೊತೆ ಮಾತಾಡಬಹುದಿತ್ತು, ಮಗು ಬೇರೆಲ್ಲೋ ಇದೆ ಅಂತ ಅಪ್ಪ ಅಮ್ಮನಿಗೆ ತೋರಿಸಲೂಬಹುದಿತ್ತು. ಮುಂದಿನ ತಿಂಗಳೇ ಜರ್ಮನಿ, ಗುಟ್ಟಾಗಿ ಕದ್ದು ಕೇಳೋ ಸೌಲಭ್ಯ ಇರೋ ಮಕ್ಕಳ ವಾಚುಗಳನ್ನು ನಿಷೇಧಿಸಿತು. 2019ರಲ್ಲಿ ಯುರೋಪಿಯನ್ ಒಕ್ಕೂಟದಲ್ಲಿ ಒಂದು ಮಕ್ಕಳ ವಾಚನ್ನು ವಾಪಸ್ ತಗೋಬೇಕು ಅಂತ ಎಚ್ಚರಿಕೆ ಹೊರಟಿತು, ಸರ್ವರ್ ಜೊತೆಗಿನ ಅದರ ಮಾತಿಗೆ ಎನ್‌ಕ್ರಿಪ್ಶನ್ನೇ ಇರಲಿಲ್ಲ. ಯೋಚನೆ ಮಾಡಿ. ತನ್ನ ಜಾಗ ಯಾರಿಗೂ ತಿಳಿಯಬಾರದು ಅನ್ನೋನಿಗೋಸ್ಕರ ಹುಟ್ಟಿದ ತಂತ್ರಜ್ಞಾನ ಕೊನೆಗೆ ಮಗುವಿನ ಜಾಗವನ್ನು ಯಾರ್ಯಾರಿಗೋ ಹೇಳ್ತಿತ್ತು.

ನಮ್ಮ ಮನೆಯಲ್ಲೂ ಒಂದು ವಾಚ್ ಇತ್ತು, ಹೆಸರು ಬೇಡ. ವಾಕಡ್‌ನಲ್ಲಿ ನಮ್ಮ ಸೊಸೈಟಿಯ ಬೇಸ್‌ಮೆಂಟಿನಲ್ಲಿ ಮಗಳು ಸೈಕಲ್ ಹೊಡೀತಿದ್ಲು, ನಾನು ಅಲ್ಲೇ ನಿಂತಿದ್ದೆ. ಹೆಂಡತಿ ಆಫೀಸಿಂದ ಫೋನ್ ಮಾಡಿದ್ಲು, ಧ್ವನಿ ನಡುಗ್ತಿತ್ತು: "ರೀ, ಅವಳು ಹೈವೇ ಆಚೆ ಯಾಕ್ರೀ ಹೋದ್ಲು?" ಬೇಸ್‌ಮೆಂಟಿಗೆ ಜಿಪಿಎಸ್ ಸಿಗ್ನಲ್ ಇಳಿಯಲ್ಲ. ಆಗ ವಾಚ್ ಮೊಬೈಲ್ ಟವರ್ ನೋಡಿ ಅಂದಾಜು ಹೇಳುತ್ತೆ, ಅದು ನೂರಾರು ಮೀಟರ್ ತಪ್ಪಬಹುದು. ಆದರೆ ಆಪ್‌ನಲ್ಲಿ ಎರಡಕ್ಕೂ ಒಂದೇ ಹಸಿರು ಚುಕ್ಕಿ ಇತ್ತು.

ಹಾಗಾದ್ರೆ ಅಂಗಡಿಯಲ್ಲಿ ಏನು ಕೇಳಬೇಕು?

ಒಂದು, ಈ ಚುಕ್ಕಿ ಜಿಪಿಎಸ್‌ನದೋ, ವೈಫೈನದೋ, ಟವರಿನದೋ ಅಂತ ಆಪ್ ಬೇರೆ ಬೇರೆ ತೋರಿಸುತ್ತಾ? ಕೊನೆಯ ಅಪ್‌ಡೇಟ್ ಎಷ್ಟು ಹೊತ್ತಿನದು ಅಂತ ಹೇಳುತ್ತಾ?

ಎರಡು, ಎಷ್ಟು ನಿಮಿಷಕ್ಕೊಮ್ಮೆ ಕಳಿಸುತ್ತೆ? ಗಂಟೆಗೆ 25 ಕಿಲೋಮೀಟರ್ ಓಡೋ ವ್ಯಾನ್ ಹತ್ತು ನಿಮಿಷದಲ್ಲಿ ನಾಲ್ಕು ಕಿಲೋಮೀಟರ್ ದಾಟಿರುತ್ತೆ. ಬೇಗ ಬೇಗ ಕಳಿಸಿದ್ರೆ ಬ್ಯಾಟರಿ ಬೇಗ ಮುಗಿಯುತ್ತೆ. ಶಾಲೆ ಬಿಟ್ಟು ಮನೆ ಮುಟ್ಟೋವರೆಗೆ ಬರುತ್ತಾ ಅಂತ ನೋಡಿ.

ಮೂರು, ಯಾವ ನೆಟ್‌ವರ್ಕ್? 2ಜಿ ಮಾತ್ರ ಇರೋ ಸಾಧನಕ್ಕೆ ಜಿಯೋ ಸಿಮ್ ಹಾಕಿದ್ರೆ ಕೆಲಸ ಮಾಡಲ್ಲ, ಜಿಯೋದಲ್ಲಿ 2ಜಿ ಇಲ್ಲವೇ ಇಲ್ಲ.

ನಾಲ್ಕು, ಮಾಹಿತಿ ಎಲ್ಲಿಗೆ ಹೋಗುತ್ತೆ, ಎಷ್ಟು ದಿನ ಇಡ್ತಾರೆ, ಅಳಿಸಬಹುದಾ? ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಪ್ರಕಾರ 18 ವರ್ಷದೊಳಗಿನವರ ಮಾಹಿತಿ ಬಳಸೋಕೆ ಪೋಷಕರ ಖಚಿತ ಒಪ್ಪಿಗೆ ಬೇಕು. ಪ್ರೈವಸಿ ಪಾಲಿಸಿಯೇ ಇಲ್ಲದ ಆಪ್ ಆದ್ರೆ ಡಬ್ಬ ವಾಪಸ್ ಇಡಿ. ತಗೊಂಡ ಮೇಲೆ ಮೊದಲು ಹಳೇ ಪಾಸ್‌ವರ್ಡ್ ಬದಲಾಯಿಸಿ.

ಇನ್ನೊಂದು ಗೊಂದಲ. 2021ರಲ್ಲಿ ಬಂದ ಏರ್‌ಟ್ಯಾಗ್‌ನಲ್ಲಿ ಜಿಪಿಎಸ್ ಇಲ್ಲ. ಬ್ಲೂಟೂತ್‌ನಲ್ಲಿ ಅದು ಕೂಗುತ್ತೆ, ಹತ್ತಿರ ಹಾದುಹೋಗೋ ಬೇರೆಯವರ ಐಫೋನ್ ಕೇಳಿಸಿಕೊಂಡು ಹೇಳುತ್ತೆ. ಬ್ಯಾಗ್ ಹುಡುಕೋಕೆ ಸರಿ. ಅದನ್ನು ಮಾಡಿದ ಕಂಪನಿಯೇ ಇದು ವಸ್ತುಗಳಿಗೆ ಅಂದಿದೆ.

ಇಷ್ಟೆಲ್ಲ ಸರಿ ಇದ್ದರೂ ವಾಚ್ ಹೇಳೋದು ಜಾಗ ಮಾತ್ರ. ಅಲ್ಲಿಗೆ ಒಬ್ಬ ಮನುಷ್ಯ ಹೋಗಬೇಕು. ನೀವು ಹದಿನೈದು ಕಿಲೋಮೀಟರ್ ಆಚೆ ಆಫೀಸಲ್ಲಿದ್ದು ಚುಕ್ಕಿ ನೋಡ್ತಾ ಕೂತ್ರೆ ಮಗುವಿನ ಹತ್ತಿರ ಯಾರೂ ಹೋದ ಹಾಗಾಗಲ್ಲ. ಊರಲ್ಲಾಗಿದ್ರೆ "ಯಾರ ಮಗನೋ ನೀನು?" ಅಂತ ಕೇಳೋರು ಬೀದಿಗೊಬ್ಬರು ಇರ್ತಿದ್ರು. ಇಲ್ಲಿ ಅಂಥವರನ್ನು ನಾವೇ ಸಂಪಾದಿಸಬೇಕು. ಪಕ್ಕದ ಮನೆಯ ಕಾಕುವೋ, ಎದುರು ಫ್ಲ್ಯಾಟಿನ ಅಂಕಲ್ಲೋ, ನಂಬಿಕೆ ಇರೋ ಒಬ್ಬರ ನಂಬರನ್ನು ಆಪ್‌ನಲ್ಲಿ ಎರಡನೇ ಪೋಷಕರಾಗಿ ಸೇರಿಸಿ. ಮಗೂಗೆ ನಿಮ್ಮ ನಂಬರ್ ಬಾಯಿಪಾಠ ಮಾಡಿಸಿ. ಮಕ್ಕಳ ಸಹಾಯವಾಣಿ 1098, ತುರ್ತಿಗೆ 112 ಹೇಳಿಕೊಡಿ. ತನ್ನ ಹೆಸರು, ಸೊಸೈಟಿ ಹೆಸರು ಹೇಳೋಕೆ ಮರಾಠಿಯಲ್ಲೋ ತೆಲುಗಿನಲ್ಲೋ ತಮಿಳಿನಲ್ಲೋ ಎರಡು ವಾಕ್ಯ ಕಲಿಸಿ. ಇದಕ್ಕೆ ಚಾರ್ಜ್ ಬೇಡ, ಬೇಸ್‌ಮೆಂಟಿನಲ್ಲೂ ಕೆಲಸ ಮಾಡುತ್ತೆ.

ವಾಚ್ ತಗೊಳ್ಳಿ, ಬೇಡ ಅನ್ನಲ್ಲ. ಮೊದಲ ವಾರ ಮಗು ಜೊತೆ ಶಾಲೆ ದಾರಿಯಲ್ಲಿ ನೀವೇ ಒಂದು ಸಲ ಹೋಗಿ, ಎಲ್ಲೆಲ್ಲಿ ಚುಕ್ಕಿ ತಪ್ಪುತ್ತೆ ನೋಡಿಕೊಳ್ಳಿ.