ಗುರುತಿನ ಚೀಟಿ ಇಲ್ಲದವರ ಇತಿಹಾಸ

ಬೀದಿಯಲ್ಲಿ ಬೆಳೆದ ಹುಡುಗನೊಬ್ಬ ಸಾಯುತ್ತಾನೆ. ಅವನನ್ನು ಹೂಳಬೇಕು. ಆದರೆ ಅವನಿಗೆ ಗುರುತಿನ ಚೀಟಿ ಇಲ್ಲ. ಊರು, ಮನೆತನ, ವಿಳಾಸ ಯಾವುದೂ ಕಾಗದದ ಮೇಲಿಲ್ಲ. ಇದ್ದಾಗ ಲೆಕ್ಕಕ್ಕೆ ಬಾರದವನಿಗೆ ಸತ್ತ ಮೇಲೆ ಆರಡಿ ನೆಲವೂ ಸುಲಭವಾಗಿ ದೊರೆಯುವುದಿಲ್ಲ. ಇಂಡೋನೇಷ್ಯಾದ ನಿರ್ದೇಶಕ ಗರಿನ್ ನುಗ್ರೊಹೊ ಅವರ ‘ದಾವುನ್ ದಿ ಆತಾಸ್ ಬಂತಾಲ್’, ಅಂದರೆ ‘ದಿಂಬಿನ ಮೇಲಿನ ಎಲೆ’ ಎಂಬ ಚಲನಚಿತ್ರದ ಕಥೆ ಇದು. ಮಕ್ಕಳ ಪಾತ್ರ ವಹಿಸಿದ್ದವರು ತರಬೇತಿ ಪಡೆದ ಬಾಲನಟರಲ್ಲ, ಯೋಗ್ಯಕರ್ತಾ ನಗರದ ಬೀದಿಗಳಲ್ಲಿಯೇ ಬದುಕುತ್ತಿದ್ದ ಹುಡುಗರು. ಅವರಿಗೆ ತಾಯಿಯಂತಿದ್ದ ಹೆಂಗಸಿನ ಪಾತ್ರವನ್ನು ಮಾತ್ರ ಆ ದೇಶದ ಹೆಸರಾಂತ ನಟಿ ಕ್ರಿಸ್ಟೀನ್ ಹಕೀಮ್ ನಿರ್ವಹಿಸಿದರು.

ಚಿತ್ರವು 1998ರ ಮೇ ತಿಂಗಳಲ್ಲಿ ಫ್ರಾನ್ಸ್ ದೇಶದ ಕಾನ್ ಉತ್ಸವದಲ್ಲಿ ಪ್ರದರ್ಶನಗೊಂಡಿತು. ಅದೇ ಮೇ 21ರಂದು, ಮೂರು ದಶಕಗಳಿಗೂ ಮಿಗಿಲಾಗಿ ಆಳಿದ ಸುಹಾರ್ತೊ ಜಕಾರ್ತದಲ್ಲಿ ಅಧಿಕಾರ ತ್ಯಜಿಸಿದರು. ಇದು ಕಾಕತಾಳೀಯವೇ ಸರಿ. ಆದರೂ ಗರಿನ್ ಅವರ ಚಿತ್ರಗಳನ್ನು ಅರಿಯಲು ಈ ಆಳ್ವಿಕೆಯನ್ನು ಮರೆಯುವಂತಿಲ್ಲ.

ಗರಿನ್ ಹುಟ್ಟಿದ್ದು 1961ರಲ್ಲಿ, ಯೋಗ್ಯಕರ್ತಾದಲ್ಲಿ. ಸ್ವತಃ ಮುಸ್ಲಿಮರಾದ ಅವರು ಓದಿದ್ದು ಸೆಮಾರಾಂಗ್ ನಗರದಲ್ಲಿ ಯೇಸುಸಭೆಯ ಗುರುಗಳು ನಡೆಸುವ ಲೊಯೋಲಾ ಶಾಲೆಯಲ್ಲಿ. ಮುಂದೆ ಜಕಾರ್ತದಲ್ಲಿ ಚಲನಚಿತ್ರ ಕಲೆಯನ್ನೂ ಕಾನೂನನ್ನೂ ಅಭ್ಯಾಸ ಮಾಡಿದರು. 1991ರಲ್ಲಿ ಬಂದ ಅವರ ಮೊದಲ ಕಥಾಚಿತ್ರಕ್ಕೇ ರಾಷ್ಟ್ರದ ಅತ್ಯುತ್ತಮ ಚಿತ್ರವೆಂಬ ಚಿತ್ರಾ ಪ್ರಶಸ್ತಿ ಸಂದಿತು. ಆದರೆ ಆ ಹೊತ್ತಿಗೆ ದೇಶದ ಚಿತ್ರೋದ್ಯಮವೇ ಕುಸಿಯುತ್ತಿತ್ತು. ಪ್ರಶಸ್ತಿ ನೀಡುತ್ತಿದ್ದ ಉತ್ಸವವೂ 1992ರ ನಂತರ ನಿಂತುಹೋಗಿ, ಮತ್ತೆ ಆರಂಭವಾದದ್ದು 2004ರಲ್ಲಿ. ಕೈಗೆ ಸಿಕ್ಕ ಅಲ್ಪಸ್ವಲ್ಪ ಹಣದಲ್ಲಿ, ಜನ ನೋಡುವರೋ ಇಲ್ಲವೋ ಎಂದು ಚಿಂತಿಸದೆ, ಸುಂಬಾ ದ್ವೀಪ, ಪಪುವಾ, ಆಚೆ ಹೀಗೆ ರಾಜಧಾನಿಯಿಂದ ದೂರದ ಸೀಮೆಗಳಿಗೆ ಹೋಗಿ ಅವರು ಚಿತ್ರ ತೆಗೆದರು.

ಇತಿಹಾಸವೆಂದರೆ ಏನೆಂಬುದನ್ನು ಸರ್ಕಾರವೇ ನಿರ್ಧರಿಸುತ್ತಿದ್ದ ಕಾಲವದು. 1965ರ ಸೆಪ್ಟೆಂಬರ್ 30ರ ರಾತ್ರಿ ಕೆಲವು ಸೇನಾ ಜನರಲ್‌ಗಳ ಅಪಹರಣ, ಹತ್ಯೆ ನಡೆಯಿತು. ಅದರ ಹೊಣೆಯನ್ನು ಕಮ್ಯುನಿಸ್ಟರ ಮೇಲೆ ಹೊರಿಸಿ ಮುಂದಿನ ತಿಂಗಳುಗಳಲ್ಲಿ ನಡೆದ ನರಮೇಧದಲ್ಲಿ ಕನಿಷ್ಠ 5 ಲಕ್ಷ ಜನ ಸತ್ತರೆಂದು ಇತಿಹಾಸಕಾರರು ಅಂದಾಜಿಸುತ್ತಾರೆ. ಆ ಜನರಲ್‌ಗಳ ಸಾವನ್ನು ಕುರಿತು 1984ರಲ್ಲಿ ಸರ್ಕಾರ ಒಂದು ಚಿತ್ರ ಮಾಡಿಸಿತು. ಸುಹಾರ್ತೊ ಇಳಿಯುವವರೆಗೆ ಪ್ರತಿ ವರ್ಷವೂ ಸೆಪ್ಟೆಂಬರ್ 30ರಂದು ಅದು ದೂರದರ್ಶನದಲ್ಲಿ ಪ್ರಸಾರವಾಗುತ್ತಿತ್ತು, ಶಾಲಾಮಕ್ಕಳೂ ನೋಡಬೇಕಾಗುತ್ತಿತ್ತು. ಆ 5 ಲಕ್ಷ ಜನರ ಬಗ್ಗೆ ಮಾತ್ರ ಮಾತಿಲ್ಲ. ಒಂದು ತಲೆಮಾರಿಗೆ ತಲೆಮಾರೇ ಅರ್ಧ ಇತಿಹಾಸವನ್ನು ಕಣ್ಣಾರೆ ಕಂಡು, ಅದನ್ನೇ ಪೂರ್ಣವೆಂದು ನಂಬಿ ಬೆಳೆಯಿತು.

ಗರಿನ್ ಇದಕ್ಕೆ ಉತ್ತರ ಕೊಟ್ಟದ್ದು 2000ದಲ್ಲಿ, ಬಹಳ ಸಣ್ಣ ಚಿತ್ರವೊಂದರಿಂದ. ಆಚೆ ಪ್ರಾಂತದ ತಕೆಂಗೊನ್ ಎಂಬಲ್ಲಿ ಇಬ್ರಾಹಿಮ್ ಕಾದಿರ್ ಎಂಬ ಜನಪದ ಕವಿ ಇದ್ದರು. 1965ರಲ್ಲಿ ಅವರನ್ನು ತಪ್ಪಾಗಿ ಬಂಧಿಸಿ 22 ದಿನ ಸೆರೆಯಲ್ಲಿಟ್ಟಿದ್ದರು. ರಾತ್ರಿ ಹೆಸರು ಕರೆದಾಗ ಎದ್ದು ಹೊರಟವರು ಮರಳುತ್ತಿರಲಿಲ್ಲ. ಮೂವತ್ತೈದು ವರ್ಷಗಳ ನಂತರ ಅದೇ ಕವಿಯನ್ನು ಕರೆತಂದು, ಕಪ್ಪುಬಿಳುಪಿನಲ್ಲಿ, ಅವರದೇ ಪಾತ್ರವನ್ನು ಅವರಿಂದಲೇ ಮಾಡಿಸಿದರು. ಕೊಲ್ಲುವ ಜಾಗಕ್ಕೆ ಕ್ಯಾಮೆರಾ ಹೋಗುವುದೇ ಇಲ್ಲ. ಕೋಣೆಯೊಳಗೆ ಉಳಿದವರು ಕಾಯುತ್ತಾರೆ, ಹಾಡುತ್ತಾರೆ, ಒಬ್ಬರನ್ನೊಬ್ಬರು ಸಂತೈಸುತ್ತಾರೆ. ನನ್ನ ಮಟ್ಟಿಗೆ ಗರಿನ್ ಅವರ ಎಲ್ಲ ಚಿತ್ರಗಳಲ್ಲಿ ಇದೇ ಅತ್ಯಂತ ಸತ್ಯವಾದುದು.

ಇವರ ಚಿತ್ರಗಳಲ್ಲಿ ಹೊರದೇಶಗಳಲ್ಲಿ ಹೆಚ್ಚು ಹೆಸರಾದದ್ದು 2006ರ ‘ಓಪೆರಾ ಜಾವಾ’. ಮೊಜಾರ್ಟ್ ಜನಿಸಿ 250 ವರ್ಷ ತುಂಬಿದ ನೆನಪಿಗೆ ವಿಯೆನ್ನಾ ನಗರ ಏರ್ಪಡಿಸಿದ ಉತ್ಸವಕ್ಕಾಗಿ, ನಮಗೆಲ್ಲ ಪರಿಚಿತವಾದ ರಾಮಾಯಣದ ಸೀತಾಪಹರಣವನ್ನು ಜಾವಾದ ಕುಂಬಾರ ದಂಪತಿಗಳ ಬದುಕಿಗೆ ತಂದು, ಪೂರ್ತಿ ಹಾಡು ಕುಣಿತಗಳಲ್ಲೇ ಹೇಳಿದ ಚಿತ್ರ. ನೋಡಲು ಬೆರಗಾಗುತ್ತದೆ, ಆದರೆ ಕಣ್ಣಿಗೆ ಹಬ್ಬವಾದಷ್ಟು ಅದು ಎದೆಗೆ ಇಳಿಯಲಿಲ್ಲವೆಂದು ಹೇಳಿದರೆ ಕಲಾರಸಿಕರು ಕ್ಷಮಿಸಬೇಕು. ಮುಂದೆ, ಹೆಣ್ಣಿನ ವೇಷದಲ್ಲಿ ಗಂಡಸರು ಆಡುವ ಲೆಂಗೆರ್ ಕುಣಿತದ ಕಲಾವಿದನೊಬ್ಬನ ಬಾಳನ್ನು ಕುರಿತ ಅವರ ಚಿತ್ರವನ್ನು 2019ರ ಏಪ್ರಿಲ್‌ನಲ್ಲಿ ಹಲವು ಊರುಗಳ ಆಡಳಿತಗಳು ನಿಷೇಧಿಸಿದವು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅತ್ಯುತ್ತಮ ಚಿತ್ರವೆಂಬ ಚಿತ್ರಾ ಪ್ರಶಸ್ತಿಯೂ ಅದಕ್ಕೇ ಬಂದಿತು.

ನಮ್ಮ ಓದುಗರಿಗೆ ಹತ್ತಿರವಾದ ಚಿತ್ರದ ಮಾತನ್ನು ಕೊನೆಗೆಂದು ಉಳಿಸಿಕೊಂಡಿದ್ದೇನೆ. 2012ರಲ್ಲಿ ಬಂದ ‘ಸುಗಿಯಾ’ ಇಂಡೋನೇಷ್ಯಾದ ಮೊಟ್ಟಮೊದಲ ದೇಶೀಯ ಧರ್ಮಾಧ್ಯಕ್ಷ ಆಲ್ಬರ್ಟುಸ್ ಸುಗಿಯಾಪ್ರನಾತಾ ಅವರನ್ನು ಕುರಿತದ್ದು. ಅವರು 1896ರಲ್ಲಿ ಸುರಕರ್ತಾದ ಮುಸ್ಲಿಮ್ ಮನೆತನದಲ್ಲಿ ಜನಿಸಿದರು. ಮುಂತಿಲಾನ್‌ನಲ್ಲಿ ಫ್ರಾನ್ಸ್ ವಾನ್ ಲಿತ್ ಎಂಬ ಡಚ್ ಗುರುಗಳು ಸ್ಥಾಪಿಸಿದ ಶಾಲೆಯಲ್ಲಿ ಓದುತ್ತ 1910ರಲ್ಲಿ ಸ್ನಾನದೀಕ್ಷೆ ಪಡೆದರು. 1931ರಲ್ಲಿ ಯೇಸುಸಭೆಯ ಗುರುವಾಗಿ, 1940ರ ನವೆಂಬರ್ 6ರಂದು ಸೆಮಾರಾಂಗ್‌ನ ಧರ್ಮಪಾಲಕರಾಗಿ ಅಭಿಷಿಕ್ತರಾದರು. ಕಥೋಲಿಕ ಧರ್ಮವೆಂದರೆ ಡಚ್ಚರ ಧರ್ಮವೆಂಬ ಭಾವನೆ ಜನರಲ್ಲಿ ಬೇರೂರಿದ್ದ ಕಾಲದಲ್ಲಿ, ನೂರಕ್ಕೆ ನೂರು ಕಥೋಲಿಕನಾಗಿ, ನೂರಕ್ಕೆ ನೂರು ಇಂಡೋನೇಷ್ಯನಾಗಿ ಬಾಳಬೇಕೆಂಬುದು ಅವರ ಬೋಧನೆಯಾಗಿತ್ತು.

1942ರಲ್ಲಿ ಜಪಾನಿ ಸೇನೆ ಬಂದಿತು. ಡಚ್ ಗುರುಗಳು, ಕನ್ಯಾಸ್ತ್ರೀಯರು ಸೆರೆಶಿಬಿರಗಳ ಪಾಲಾದರು. ದೇವಾಲಯವನ್ನು ವಶಪಡಿಸಿಕೊಳ್ಳಲು ಬಂದ ಅಧಿಕಾರಿಗಳಿಗೆ ಧರ್ಮಾಧ್ಯಕ್ಷರು, ಮೊದಲು ನನ್ನ ತಲೆ ಕಡಿಯಿರಿ ಎಂದರಂತೆ. ಜಾಗವೇ ಬೇಕಿದ್ದರೆ ಊರ ನಡುವೆ ವಿಶಾಲವಾದ ಚಿತ್ರಮಂದಿರವಿದೆಯಲ್ಲ ಎಂದೂ ಸೇರಿಸಿದರೆಂಬ ಮಾತಿದೆ. 1945ರ ಅಕ್ಟೋಬರ್‌ನಲ್ಲಿ ಸೆಮಾರಾಂಗ್‌ನ ಬೀದಿಗಳಲ್ಲಿ ಐದು ದಿನ ಕಾಳಗ ನಡೆದಾಗ ಕದನವಿರಾಮಕ್ಕೆ ದುಡಿದರು. 1947ರಲ್ಲಿ, ಗಣರಾಜ್ಯದ ನಾಯಕರು ಇದ್ದ ಯೋಗ್ಯಕರ್ತಾಕ್ಕೇ ತಮ್ಮ ವಾಸವನ್ನು ಬದಲಿಸಿದರು. ಡಚ್ಚರು ಮತ್ತೆ ಬರುತ್ತಿದ್ದ ದಿನಗಳಲ್ಲಿ ಆ ನಡೆ ಸಣ್ಣದಲ್ಲ.

ಇಂಥ ಬದುಕು ಕೈಯಲ್ಲಿದ್ದಾಗ ನೀವು ನಾನಾದರೆ ಏನು ಮಾಡುತ್ತಿದ್ದೆವು? ಹುಟ್ಟಿನಿಂದ ಮೊದಲುಗೊಂಡು ಮಹಿಮೆಗಳನ್ನು ಒಂದೊಂದಾಗಿ ಹೇಳುತ್ತಿದ್ದೆವು. ಗರಿನ್ ಹಾಗೆ ಮಾಡಲಿಲ್ಲ. ಕವಿ ನಿರ್ವಾನ್ ದೇವಾಂತೊ ವಹಿಸಿದ ಧರ್ಮಾಧ್ಯಕ್ಷರ ಪಾತ್ರದ ಸುತ್ತ ದಾದಿ ಮರಿಯೆಮ್, ಜಪಾನಿಯರು ತಾಯಿಯನ್ನು ಎಳೆದೊಯ್ದ ಚೀನೀ ಬಾಲಕಿ ಲಿಂಗ್ ಲಿಂಗ್, ಓದುಬರಹ ಬಾರದ ಗೆರಿಲ್ಲಾ ಹುಡುಗ ಬಂತೆಂಗ್ ಇವರೆಲ್ಲ ಸೇರಿದರು. ಇವರ ಜೊತೆಗೆ ಡಚ್ ಸೈನಿಕನೊಬ್ಬ, ಡಚ್ ಛಾಯಾಗ್ರಾಹಕನೊಬ್ಬ, ಜಪಾನಿ ಸೈನಿಕನೊಬ್ಬ. ದೇವಾಲಯದ ಪರಿಚಾರಕ ತುಗಿಮಿನ್ ಆಗಿ ಹಾಸ್ಯನಟ ಬುತೆತ್ ಕರ್ತರಜಾಸ ನಗಿಸುತ್ತಾರೆ. ಜಾವಾ ಭಾಷೆ, ಇಂಡೋನೇಷ್ಯಾ ಭಾಷೆ, ಡಚ್, ಜಪಾನಿ ಎಲ್ಲವೂ ಅವರವರ ಬಾಯಲ್ಲಿ ಸಹಜವಾಗಿ ಬರುತ್ತವೆ.

ತಮ್ಮದೇ ಹೆಸರಿನ ಚಿತ್ರದಲ್ಲಿ ಧರ್ಮಾಧ್ಯಕ್ಷರು ಬದಿಗೆ ಸರಿದುಹೋದರೆಂಬ ಆಕ್ಷೇಪಣೆಯನ್ನು ತಳ್ಳಿಹಾಕುವಂತಿಲ್ಲ. ಅವರು ಎಲ್ಲಿಂದ ಬಂದವರು, ಸ್ನಾನದೀಕ್ಷೆಗಾಗಿ ಎಷ್ಟು ಬೆಲೆ ತೆತ್ತರು ಎಂಬುದನ್ನು ಇನ್ನಷ್ಟು ಹೇಳಬಹುದಿತ್ತು. ನನಗೂ ಆ ಕೊರತೆ ಕಂಡಿತು. ಆದರೆ ಯಾವುದಾದರೂ ಧರ್ಮಕೇಂದ್ರದ ಸ್ಮರಣ ಸಂಚಿಕೆಯನ್ನು ತೆರೆದು ನೋಡಿ. ಗುರುಗಳ ಭಾವಚಿತ್ರಗಳು ಸಾಲಾಗಿ ಇರುತ್ತವೆ, ಕೆಳಗೆ ಇಸವಿಗಳು. ನಲವತ್ತು ವರ್ಷ ಗಂಟೆ ಬಾರಿಸಿದವನ ಹೆಸರು ಎಷ್ಟು ಸಂಚಿಕೆಗಳಲ್ಲಿದೆ? ಒಬ್ಬ ಮುಸ್ಲಿಮ್ ನಿರ್ದೇಶಕ ನಮ್ಮ ಧರ್ಮಾಧ್ಯಕ್ಷರ ಚಿತ್ರದಲ್ಲಿ ತುಗಿಮಿನ್‌ನಿಗೆ ಜಾಗ ಕೊಟ್ಟರು.

ಸುಗಿಯಾಪ್ರನಾತಾ 1963ರ ಜುಲೈ 22ರಂದು ನೆದರ್‌ಲೆಂಡ್ಸ್‌ನ ಸ್ಟೈಲ್ ಎಂಬಲ್ಲಿ ನಿಧನರಾದರು. ನಾಲ್ಕೇ ದಿನಗಳಲ್ಲಿ ಅಧ್ಯಕ್ಷ ಸುಕರ್ನೊ ಅವರನ್ನು ರಾಷ್ಟ್ರವೀರರೆಂದು ಘೋಷಿಸಿದರು. ಪಾರ್ಥಿವ ಶರೀರವನ್ನು ಸ್ವದೇಶಕ್ಕೆ ತಂದು ಸೆಮಾರಾಂಗ್‌ನ ವೀರರ ಸಮಾಧಿಭೂಮಿಯಲ್ಲಿ ಹೂಳಲಾಯಿತು. ಚಿತ್ರದಲ್ಲಿ ಇದು ಯಾವುದೂ ಇಲ್ಲ. ಗರಿನ್ ಅವರ ಕಥೆ 1949ಕ್ಕೇ ನಿಲ್ಲುತ್ತದೆ.