ಇಂಗ್ಲಿಷ್ ನುಡಿಗಟ್ಟುಗಳಲ್ಲಿ ಕಾಲದ ಚರಿತ್ರೆ

ಒಂದು ಸಮಾಜವು ಕಾಲವನ್ನು ಹೇಗೆ ಅನುಭವಿಸಿತೆಂಬುದನ್ನು ತತ್ತ್ವಗ್ರಂಥಗಳಿಗಿಂತ ದಿನಬಳಕೆಯ ಮಾತುಗಳೇ ಕೆಲವೊಮ್ಮೆ ಸ್ಪಷ್ಟವಾಗಿ ತಿಳಿಸುತ್ತವೆ. ಇಂಗ್ಲಿಷ್ ಭಾಷೆ ಇದಕ್ಕೆ ಉತ್ತಮ ನಿದರ್ಶನ.

ಎರಡು ವಾರಗಳನ್ನು ಸೂಚಿಸುವ 'ಫೋರ್ಟ್‌ನೈಟ್' ಪದದ ಮೂಲಾರ್ಥ ಹದಿನಾಲ್ಕು ರಾತ್ರಿಗಳು. ಜರ್ಮಾನಿಕ್ ಜನರು ಹಗಲುಗಳನ್ನಲ್ಲ, ರಾತ್ರಿಗಳನ್ನು ಎಣಿಸುತ್ತಿದ್ದರೆಂದು ರೋಮನ್ ಇತಿಹಾಸಕಾರ ಟ್ಯಾಸಿಟಸ್ ಕ್ರಿ.ಶ. 98ರ 'ಜರ್ಮಾನಿಯಾ' ಕೃತಿಯಲ್ಲಿ ದಾಖಲಿಸಿದ್ದಾನೆ. ಆ ಪದ್ಧತಿ ಅಳಿದರೂ ಪದ ಉಳಿಯಿತು. ಮಧ್ಯಯುಗದ 'ಪೇಟರ್‌ನಾಸ್ಟರ್ ವೈಲ್' ಎಂದರೆ ಕ್ರೈಸ್ತ ಪ್ರಾರ್ಥನೆಯೊಂದನ್ನು ಹೇಳಿ ಮುಗಿಸುವಷ್ಟು ಹೊತ್ತು. ಇಲ್ಲಿ ಮನುಷ್ಯನ ಕ್ರಿಯೆಯೇ ಕಾಲದ ಅಳತೆಗೋಲು.

ಯಾಂತ್ರಿಕ ಗಡಿಯಾರ ಬಂದ ಮೇಲೆ ಅಳತೆಗೋಲು ಹೊರಗಿನದಾಯಿತು. 'ಓ ಕ್ಲಾಕ್' ಎಂಬುದು 'ಆಫ್ ದ ಕ್ಲಾಕ್' ಎಂಬುದರ ಸಂಕ್ಷಿಪ್ತ ರೂಪ. ಹೇಳುತ್ತಿರುವ ಹೊತ್ತು ಸೂರ್ಯನದಲ್ಲ, ಗಡಿಯಾರದ್ದು ಎಂಬ ಸ್ಪಷ್ಟೀಕರಣ ಅದರಲ್ಲಿ ಅಡಗಿದೆ. 'ಕ್ಲಾಕ್' ಪದದ ಹಿಂದಿನ ಲ್ಯಾಟಿನ್ ಶಬ್ದಕ್ಕೆ ಗಂಟೆ ಎಂದರ್ಥ. ಜನ ಕಾಲವನ್ನು ಮೊದಲು ಕಿವಿಯಿಂದಲೇ ತಿಳಿದರು.

ಕಾಲವನ್ನು ವ್ಯಯಿಸುವುದು, 'ಸ್ಪೆಂಡ್ ಟೈಮ್', ಮಧ್ಯಕಾಲೀನ ಇಂಗ್ಲಿಷಿನಲ್ಲಿಯೇ ಇದ್ದ ಪ್ರಯೋಗ. ಆದ್ದರಿಂದ ಕಾರ್ಖಾನೆಯೇ ಈ ರೂಪಕವನ್ನು ಸೃಷ್ಟಿಸಿತೆನ್ನಲಾಗದು. ರೂಪಕವನ್ನು ಲೆಕ್ಕಪುಸ್ತಕಕ್ಕೆ ಏರಿಸಿದ್ದು ಮಾತ್ರ ಅದೇ. ಬೆಂಜಮಿನ್ ಫ್ರಾಂಕ್ಲಿನ್ 1748ರಲ್ಲಿ ತರುಣ ವ್ಯಾಪಾರಿಗೆ ಕಾಲವೇ ಹಣವೆಂದು ಬೋಧಿಸಿದ. ಮುಂದಿನ ಶತಮಾನದಲ್ಲಿ ಕೂಲಿಯನ್ನು ಗಂಟೆಗಳಲ್ಲಿ ಅಳೆದಾಗ ಆ ಬೋಧನೆ ಶಿಸ್ತಾಗಿ ಪರಿಣಮಿಸಿತು. ಇತಿಹಾಸಕಾರ ಇ.ಪಿ. ಥಾಮ್ಸನ್ 1967ರ ಪ್ರಸಿದ್ಧ ಪ್ರಬಂಧದಲ್ಲಿ ಈ ಪಲ್ಲಟವನ್ನು ವಿವರಿಸಿದ್ದಾರೆ. ಮಾಲೀಕರು ಗಡಿಯಾರವನ್ನು ಬೆಳಿಗ್ಗೆ ಮುಂದಕ್ಕೂ ಸಂಜೆ ಹಿಂದಕ್ಕೂ ತಿರುಗಿಸುತ್ತಿದ್ದರೆಂದೂ, ಕೆಲಸಗಾರರು ಕೈಗಡಿಯಾರವನ್ನಲ್ಲ, ಜೇಬುಗಡಿಯಾರವನ್ನು ತರಲೂ ಅಂಜುತ್ತಿದ್ದರೆಂದೂ ಹೇಳುವ ಸಾಕ್ಷ್ಯಗಳು ಅಲ್ಲಿವೆ. ಕದಿಯಲು ಸಾಧ್ಯವಾದುದು ಸ್ವತ್ತು ಮಾತ್ರ. ಕಾಲ ಆಗಲೇ ಸ್ವತ್ತಾಗಿತ್ತು.

ರೈಲು ಈ ಹಿಡಿತವನ್ನು ದೇಶಕ್ಕೆಲ್ಲ ವಿಸ್ತರಿಸಿತು. ಲಂಡನ್ನಿಗಿಂತ ಸುಮಾರು ಹತ್ತು ನಿಮಿಷ ಹಿಂದಿದ್ದ ಬ್ರಿಸ್ಟಲ್ ನಗರದ ಎಕ್ಸ್‌ಚೇಂಜ್ ಕಟ್ಟಡದ ಗಡಿಯಾರಕ್ಕೆ ಇಂದಿಗೂ ಎರಡು ನಿಮಿಷದ ಮುಳ್ಳುಗಳಿವೆ: ಒಂದು ಊರಿನದು, ಇನ್ನೊಂದು ರೈಲಿನದು. 1880ರ ಶಾಸನ ಗ್ರೀನಿಚ್ ಕಾಲವನ್ನೇ ಬ್ರಿಟನ್ನಿನ ಅಧಿಕೃತ ಕಾಲವೆಂದು ಸಾರಿತು.

'ಡೆಡ್‌ಲೈನ್' ಪದದ ಚರಿತ್ರೆ ಇನ್ನೂ ಕಠೋರ. ಅಮೆರಿಕದ ಅಂತರ್ಯುದ್ಧದ ವೇಳೆ, 1864ರಲ್ಲಿ ಆಂಡರ್ಸನ್‌ವಿಲ್ ಸೆರೆಶಿಬಿರದಲ್ಲಿ ಅದೊಂದು ಗಡಿರೇಖೆ. ದಾಟಿದ ಕೈದಿಗೆ ಗುಂಡೇ ಗತಿ. ಇಪ್ಪತ್ತನೆಯ ಶತಮಾನದಲ್ಲಿ ಪತ್ರಿಕಾಲಯಗಳು ಅದನ್ನು ಕೊನೆಯ ಗಡುವಿಗೆ ಬಳಸಿದವು. ಕನ್ನಡ ಪತ್ರಿಕಾಲಯಗಳಲ್ಲೂ ಈಗ ಅದು ರೂಢಿಯ ಮಾತು.

ಕನ್ನಡದಲ್ಲಿ ಹೊತ್ತು ಹುಟ್ಟುತ್ತದೆ, ಏರುತ್ತದೆ, ಮುಳುಗುತ್ತದೆ. ಅಲ್ಲಿ ಕಾಲವೇ ಕರ್ತೃ. ವ್ಯಯಿಸುವ, ಉಳಿಸುವ ಮಾತಿನಲ್ಲಿ ಕರ್ತೃಸ್ಥಾನ ಮನುಷ್ಯನದು, ಕಾಲ ಬರಿಯ ಕರ್ಮ. ಆದರೆ ಆ ಕಾಲದ ಒಡೆತನ ಅವನಿಗೆ ದಕ್ಕಿತೇ ಎಂಬ ಪ್ರಶ್ನೆಗೆ ಗಡಿಯಾರ ತರಲು ಅಂಜಿದ ಆ ಕೆಲಸಗಾರನೇ ಉತ್ತರ.