ಮಣ್ಣಿನ ತೇವಾಂಶ ಸೆನ್ಸರ್‌ಗಳ ವೋಲ್ಟೇಜನ್ನು ಮೈಕ್ರೋಕಂಟ್ರೋಲರ್‌ಗೆ ಹೊಂದಿಸುವ ವಿಧಾನ

ಹನಿ ನೀರಾವರಿಯ ಪಂಪನ್ನು ಮಣ್ಣಿನ ತೇವಾಂಶಕ್ಕೆ ಅನುಗುಣವಾಗಿ ನಡೆಸಲು ಇಎಸ್‌ಪಿ-32ರಂತಹ ಕಡಿಮೆ ಬೆಲೆಯ ಮೈಕ್ರೋಕಂಟ್ರೋಲರ್‌ಗಳು ಬಳಕೆಯಲ್ಲಿವೆ. ಇವು 3.3 ವೋಲ್ಟ್‌ನಲ್ಲಿ ಕಾರ್ಯನಿರ್ವಹಿಸುತ್ತವೆ. ಆದರೆ ಅನೇಕ ಸೆನ್ಸರ್‌ಗಳ ಸಂಕೇತವು 5 ವೋಲ್ಟ್‌ವರೆಗೆ ಇರುತ್ತದೆ. ಅದನ್ನು ನೇರವಾಗಿ ಜೋಡಿಸಿದರೆ ಪಿನ್ ಹಾಳಾಗಬಹುದು. ಹಾಳಾಗದಿದ್ದರೂ ಅಳತೆ ತಪ್ಪುತ್ತದೆ.

ತಪ್ಪು ಅಳತೆಯ ಪರಿಣಾಮ
ಇಎಸ್‌ಪಿ-32 ವೋಲ್ಟೇಜನ್ನು 0ಯಿಂದ 4095ರವರೆಗಿನ ಅಂಕಿಯಾಗಿ ಓದುತ್ತದೆ. ಮಿತಿ ಮೀರಿದ ವೋಲ್ಟೇಜ್ ಎಷ್ಟೇ ಇರಲಿ, ಅಂಕಿ 4095ರಲ್ಲೇ ನಿಲ್ಲುತ್ತದೆ. ಕೆಪ್ಯಾಸಿಟಿವ್ ಸೆನ್ಸರ್‌ಗಳಲ್ಲಿ ಸಾಮಾನ್ಯವಾಗಿ ಮಣ್ಣು ಒಣಗಿದಂತೆ ವೋಲ್ಟೇಜ್ ಏರುತ್ತದೆ. ಹೀಗಾಗಿ ಒಣ ಮಣ್ಣಿಗೂ ಅತಿ ಒಣ ಮಣ್ಣಿಗೂ ಒಂದೇ ಅಂಕಿ ಬಂದು, ನೀರು ಕೊಡಬೇಕಾದ ಹಂತವೇ ತಿಳಿಯದೆ ಹೋಗುತ್ತದೆ. ಆದ್ದರಿಂದ ಗರಿಷ್ಠ ಸಂಕೇತವು ಪಿನ್‌ನಲ್ಲಿ 2.4 ವೋಲ್ಟ್ ಮೀರದಂತೆ ನೋಡಿಕೊಳ್ಳುವುದು ಸೂಕ್ತ.

ವೋಲ್ಟೇಜ್ ಇಳಿಸುವ ಕ್ರಮ
ಎರಡು ರೆಸಿಸ್ಟರ್‌ಗಳನ್ನು ಸರಣಿಯಲ್ಲಿ ಜೋಡಿಸಿ, ನಡುವಿನ ಬಿಂದುವಿನಿಂದ ಸಂಕೇತ ಪಡೆಯಬೇಕು.

ಪಿನ್‌ಗೆ ಬರುವ ವೋಲ್ಟೇಜ್ = ಸೆನ್ಸರ್ ವೋಲ್ಟೇಜ್ × ಕೆಳಗಿನ ರೆಸಿಸ್ಟರ್ ÷ ಎರಡರ ಮೊತ್ತ

• 0–5 ವೋಲ್ಟ್ ಸೆನ್ಸರ್: ಮೇಲೆ 12, ಕೆಳಗೆ 10 ಕಿಲೋಓಮ್, ಗರಿಷ್ಠ 2.27 ವೋಲ್ಟ್.
• 12 ವೋಲ್ಟ್ ಸೌರ ಬ್ಯಾಟರಿ: ಮೇಲೆ 100, ಕೆಳಗೆ 15 ಕಿಲೋಓಮ್, ಬ್ಯಾಟರಿ 14.4 ವೋಲ್ಟ್‌ಗೆ ಏರಿದಾಗ 1.88 ವೋಲ್ಟ್.
• 4–20 ಮಿಲಿಆಂಪಿಯರ್ ಒತ್ತಡ ಸೆನ್ಸರ್: ಸಂಕೇತದ ತಂತಿಗೂ ಗ್ರೌಂಡ್‌ಗೂ ನಡುವೆ 100 ಓಮ್ ರೆಸಿಸ್ಟರ್ ಒಂದೇ ಸಾಕು, 0.4ರಿಂದ 2 ವೋಲ್ಟ್ ದೊರೆಯುತ್ತದೆ. ಶೂನ್ಯ ಬಂದರೆ ತಂತಿ ತುಂಡಾಗಿರುವ ಸಾಧ್ಯತೆಯಿದೆ.

ಶೇ. 1 ನಿಖರತೆಯ ರೆಸಿಸ್ಟರ್‌ಗಳನ್ನೇ ಬಳಸಬೇಕು.

ಬಫರ್ ಯಾವಾಗ ಬೇಕು?
ಕೆಲವು ಸೆನ್ಸರ್‌ಗಳು ರೆಸಿಸ್ಟರ್‌ಗಳಿಗೆ ಬೇಕಾದ ಅಲ್ಪ ವಿದ್ಯುತ್ ಪ್ರವಾಹವನ್ನೂ ನೀಡಲಾರವು. ರೆಸಿಸ್ಟರ್‌ಗಳನ್ನು ಜೋಡಿಸುವ ಮೊದಲು ಮತ್ತು ನಂತರ ಸೆನ್ಸರ್‌ನ ವೋಲ್ಟೇಜನ್ನು ಮಲ್ಟಿಮೀಟರ್‌ನಿಂದ ಅಳೆಯಿರಿ. ಜೋಡಿಸಿದ ಮೇಲೆ ಅದು ಕುಸಿದರೆ ಬಫರ್ ಅಗತ್ಯ. ಆಪ್-ಆಂಪ್‌ನ ಔಟ್‌ಪುಟ್ಟನ್ನು ಅದರ ಮೈನಸ್ ಇನ್‌ಪುಟ್‌ಗೆ ಸೇರಿಸಿ, ಸೆನ್ಸರನ್ನು ಪ್ಲಸ್ ಇನ್‌ಪುಟ್‌ಗೆ ಕೊಟ್ಟರೆ ಬಫರ್ ಸಿದ್ಧವಾಗುತ್ತದೆ. ಎಲ್‌ಎಂ-358ರ ಔಟ್‌ಪುಟ್ 5 ವೋಲ್ಟ್ ಪೂರೈಕೆಯಲ್ಲಿ ಸುಮಾರು 3.5 ವೋಲ್ಟ್‌ಗಿಂತ ಮೇಲೇರದು. ಆದ್ದರಿಂದ ಪೂರೈಕೆಯ ಅಂಚಿನವರೆಗೂ ಏರುವ ಎಂಸಿಪಿ-6002 ಮಾದರಿ ಉತ್ತಮ. ಜೋಡಣೆಯ ಕ್ರಮ: ಸೆನ್ಸರ್, 5 ವೋಲ್ಟ್ ಪೂರೈಕೆಯ ಬಫರ್, ರೆಸಿಸ್ಟರ್ ಜೋಡಿ, ಪಿನ್.

ಗಮನಿಸಬೇಕಾದ ಅಂಶಗಳು
• ಪಿನ್ ಮತ್ತು ಗ್ರೌಂಡ್ ನಡುವೆ 0.1 ಮೈಕ್ರೋಫ್ಯಾರಡ್ ಕೆಪ್ಯಾಸಿಟರ್ ಹಾಕುವುದರಿಂದ ಅಂಕಿಯ ಏರಿಳಿತ ಕಡಿಮೆಯಾಗುತ್ತದೆ.
• ಸೆನ್ಸರ್, ಬಫರ್ ಹಾಗೂ ಮೈಕ್ರೋಕಂಟ್ರೋಲರ್‌ಗಳ ಗ್ರೌಂಡ್ ಒಂದೇ ಆಗಿರಬೇಕು.
• ವೈಫೈ ಬಳಸುವಾಗ ಮೂಲ ಇಎಸ್‌ಪಿ-32ರಲ್ಲಿ 32ರಿಂದ 39ರವರೆಗಿನ ಪಿನ್‌ಗಳಲ್ಲಿ ಲಭ್ಯವಿರುವುದನ್ನು ಆರಿಸಿಕೊಳ್ಳಿ.
• ಪಿನ್‌ಗೆ ಜೋಡಿಸುವ ಮೊದಲು ಸೆನ್ಸರನ್ನು ಒಣ ಗಾಳಿಯಲ್ಲಿರಿಸಿ, ನಡುಬಿಂದುವಿನ ವೋಲ್ಟೇಜ್ 2.4ಕ್ಕಿಂತ ಕಡಿಮೆ ಇರುವುದನ್ನು ಖಚಿತಪಡಿಸಿಕೊಳ್ಳಿ.
• 0 ಅಥವಾ 4095 ಅಂಕಿ ಸತತವಾಗಿ ಬಂದರೆ ಅದನ್ನು ದೋಷವೆಂದು ಪರಿಗಣಿಸಿ, ಪಂಪ್ ತಾನಾಗಿ ಚಾಲನೆಗೊಳ್ಳದಂತೆ ಪ್ರೋಗ್ರಾಂ ರೂಪಿಸಬೇಕು.
• ಕಪ್ಪು ಮಣ್ಣಿನಲ್ಲಿ ನಿಗದಿಪಡಿಸಿದ ಅಂಕಿ ಕೆಂಪು ಮಣ್ಣಿಗೆ ಹೊಂದುವುದಿಲ್ಲ. ಆಯಾ ಹೊಲದ ಒಣ ಮತ್ತು ಹಸಿ ಮಣ್ಣಿನಲ್ಲಿ ಅಳೆದು, ನೀರು ಕೊಡುವ ಮಟ್ಟವನ್ನು ನಿರ್ಧರಿಸಿಕೊಳ್ಳಬೇಕು.